ಮಾಳಕ್ಕೆ ಹೋದ ಚಿಕ್ಕಿ

ನಮ್ಮ ಅತ್ತೆ ಸಾವಂತ್ರವ್ವ ಹಾಲು, ಮಜ್ಜಿಗೆ ಬಿಟ್ಟ ದಿನ ನಮ್ಮ ಕೊಟ್ಟಿಗೆಯಲ್ಲಿ ಎಂಟು ಆಕಳಿದ್ದವು. ಎಂಟು ಆಕಳ ಮನೆಯ ಹಿರಿಯಳು ಬಾಗಿಲಲ್ಲಿ ಕೂತು ಕರೀ ಚಹಾ ಕುಡಿದರೆ ಹಾದಿಯಲ್ಲಿ ಹೋಗುವವರು ಏನೆಂದುಕೊಳ್ಳಬೇಕು? ಸೊಸೆ ಹಾಲಿಗೆ ಬೀಗ ಹಾಕಿದ್ದಾಳೆ ಅಂದುಕೊಳ್ಳುತ್ತಾರೆ. ಅದು ಅತ್ತೆಗೆ ಗೊತ್ತಿರಲಿಲ್ಲವೆಂದೇನಲ್ಲ. ಗೊತ್ತಿದ್ದೇ ಬಾಗಿಲಲ್ಲಿ ಕೂರುತ್ತಿದ್ದರು.

ಕಾರಣ ನಾನಲ್ಲ, ಚಿಕ್ಕಿ. ಎಂಟರಲ್ಲಿ ಮೂರನೆಯ ಗೂಟದ ಆಕಳು ಅದು. ಕಪ್ಪು ಬಿಳುಪಿನ ದೊಡ್ಡ ಮೈಯ ಎಚ್‌ಎಫ್, ಸೀಮೆ ತಳಿ. ಹಣೆಯ ನಡುವೆ ಒಂದು ಬಿಳಿ ಮಚ್ಚೆ ಇದ್ದುದರಿಂದ ಅತ್ತೆ ಅದಕ್ಕೆ ಚಿಕ್ಕಿ ಎಂದು ಹೆಸರಿಟ್ಟರು. ನಮ್ಮ ಇಂಡಿ ಕಡೆ ಚಿಕ್ಕಿ ಎಂದರೆ ನಕ್ಷತ್ರ. ನನ್ನ ಗಂಡ ರಾಮಲಿಂಗಪ್ಪ ಮಾತ್ರ ಯಾವ ಆಕಳನ್ನೂ ಹೆಸರು ಹಿಡಿದು ಕರೆಯುವವರಲ್ಲ. ಕಿವಿಯ ಹಳದಿ ಬಿಲ್ಲೆಯ ಕೊನೆಯ ಎರಡು ಅಂಕಿ ನೋಡಿ 'ನಲವತ್ತೊಂದು' ಎನ್ನುತ್ತಿದ್ದರು. ಹೆಸರಿಟ್ಟರೆ ಮಾರುವಾಗ ಕರುಳು ಹಿಡಿಯುತ್ತದಂತೆ.

ಮಹಾರಾಷ್ಟ್ರದ ಹಿಂಜವಾಡಿಯ ಕಂಪನಿಗಳ ಹಿಂದೆ, ಮಾಣ ರಸ್ತೆ ಬಿಟ್ಟು ಒಳಗೆ ನಮ್ಮ ಮನೆ. ಮಾವ ಇಂಡಿಯಿಂದ ಅಲ್ಲಿಗೆ ಬಂದಾಗ ಸುತ್ತ ಬರೀ ಹೊಲವಿತ್ತಂತೆ. ಈಗ ಮೂರು ಕಡೆ ಇಪ್ಪತ್ತೆರಡು ಅಂತಸ್ತಿನ ಕಟ್ಟಡಗಳು. ಸಂಜೆ ನಾಲ್ಕರ ಮೇಲೆ ಅವುಗಳ ನೆರಳು ನಮ್ಮ ತಗಡಿನ ಮೇಲೆ ಬೀಳುತ್ತದೆ, ಅವುಗಳಿಂದ ನಮಗಾದ ಉಪಕಾರ ಅದೊಂದೇ. ಆ ವರ್ಷ ಯುಗಾದಿ ಮುಗಿಯುವುದಕ್ಕೂ ಬಿಸಿಲು ನಲವತ್ತೊಂದು ಡಿಗ್ರಿ ದಾಟುವುದಕ್ಕೂ ಸರಿಹೋಯಿತು. ನಮ್ಮ ಇವರು ಕೊಟ್ಟಿಗೆಗೆ ಫ್ಯಾನು ಹಾಕಿದರು, ತುಂತುರು ನೀರಿನ ಪೈಪು ಎಳೆದರು, ತಗಡಿನ ಮೇಲೆ ಗೋಣಿ ಹಾಸಿ ನೆನೆಸಿದರು. ಉಳಿದ ಏಳು ಹೇಗೋ ತಡೆದುಕೊಂಡವು. ಚಿಕ್ಕಿ ಏಳೂವರೆ ತಿಂಗಳ ಗಬ್ಬ, ಹಾಲು ಬತ್ತಿತ್ತು. ಬಾಯಿ ತೆರೆದು, ನಾಲಿಗೆ ಹೊರಗೆ ಹಾಕಿ, ನಾಯಿಯ ಹಾಗೆ ತೇಕುತ್ತಿತ್ತು. ನಾಲ್ಕು ದಿನದಿಂದ ಮೆಲುಕು ಹಾಕಿರಲಿಲ್ಲ. ಮೆಲುಕು ನಿಂತ ಆಕಳೆಂದರೆ ಉಸಿರು ಎಣಿಸುತ್ತಿರುವ ಹಾಗೆ, ಅದು ದನ ಸಾಕಿದ ಯಾರಿಗಾದರೂ ಗೊತ್ತು.

ಪೌಡಿನಿಂದ ಬಂದ ದನದ ಡಾಕ್ಟರು ಸೂಜಿ ಹಾಕಿ, ಈ ತಳಿ ತಂಪು ದೇಶದ್ದು, ಈ ಕಾವಿನಲ್ಲಿ ಹೊಟ್ಟೆಯ ಕರು ಉಳಿಯುವುದು ಅನುಮಾನ, ತಂಪಿರುವ ಕಡೆ ಎಲ್ಲಾದರೂ ಇಟ್ಟರೆ ಎರಡೂ ಉಳಿದಾವು ಎಂದರು. ಅಷ್ಟು ಸಾಕಾಯಿತು ಅತ್ತೆಗೆ.

ಮಾವ ಇದ್ದಾಗ ಒಂದು ರೂಢಿಯಿತ್ತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಹಾಲು ಬತ್ತಿದ ಆಕಳನ್ನು ಮುಳಶಿ ಕೆರೆಯ ಆಚೆ, ಗುಡ್ಡದ ಮೇಲಿನ ಮಾಳಕ್ಕೆ ಹೊಡೆದುಕೊಂಡು ಹೋಗಿ ಧಾಕೂಬಾ ಎನ್ನುವ, ದನ ಕಾಯುವ ಧನಗರನ ಹಟ್ಟಿಯಲ್ಲಿ ಬಿಟ್ಟು ಬರುತ್ತಿದ್ದರು. ಮಿರಗದ, ಎಂದರೆ ಮೃಗಶಿರದ, ಮಳೆಗೆ ಮೊದಲು ಇಳಿಸಿಕೊಂಡು ಬರುತ್ತಿದ್ದರು. ಧಾಕೂಬಾನಿಗೆ ಎರಡು ಚೀಲ ಜೋಳ, ಒಂದು ಹೊಸ ಕಂಬಳಿ. ನಾನು ಸೊಸೆಯಾಗಿ ಬರುವ ಮೊದಲೇ ಮಾವ ತೀರಿ ಅದು ನಿಂತಿತು. ನಿಲ್ಲದೆ ಇದ್ದದ್ದು ಅತ್ತೆಯ ಮಾತು. ನನ್ನ ಮಗಳು ಸ್ನೇಹಲ್ ಆ ಮಾಳದ ಕಥೆ ಕೇಳುತ್ತಲೇ ಉಂಡು ಬೆಳೆದವಳು. ಅಲ್ಲಿ ಆನೆ ಮುಳುಗುವಷ್ಟು ನೀರಿನ ಝರಿ ಇದೆ, ಝರಿಯ ಬದಿಗೆ ನೇರಳೆ ಮರ ಇದೆ, ಅದರ ನೆರಳಲ್ಲಿ ನೂರು ಆಕಳು ಮಲಗುತ್ತವೆ, ಸಂಜೆ ಮೋಡ ಇಳಿದು ಬಂದು ಅವುಗಳ ಬೆನ್ನು ನೆಕ್ಕುತ್ತದೆ. ಕೇಳಿ ಕೇಳಿ ನನ್ನ ಕನಸಿನಲ್ಲೂ ಆ ನೇರಳೆ ಮರ ಬರುತ್ತಿತ್ತು.

ಆ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗ ಅತ್ತೆ ಮಾತು ತೆಗೆದರು. ಇವರು ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು.

"ಅಪ್ಪ ಒಯ್ತಿದ್ದುದು ಜವಾರಿ ಆಕಳಾ. ಇದು ಫ್ಯಾನಿನ ಕೆಳಗ ಹುಟ್ಟಿದ್ದು. ಗುಡ್ಡ ಅಂದ್ರ ಏನಂತ ಗೊತ್ತಿಲ್ಲ ಇದಕ್ಕ."

"ಬಿಸಿಲಿಗಿ ಜವಾರಿ ಯಾವುದು, ಸೀಮೆ ಯಾವುದು ಗೊತ್ತಾಗ್ತದೇನೋ?"

"ಅಲ್ಲಿ ಡಾಕ್ಟರ್ ಇಲ್ಲ, ಹಿಂಡಿ ಇಲ್ಲ, ಲೈಟ್ ಇಲ್ಲ ಅವ್ವ."

"ಇಲ್ಲಿ ಎಲ್ಲಾ ಅದಾವಲ್ಲ. ಮತ್ತ ಯಾಕ ಸಾಯ್ಲಿಕ್ಕತ್ತದ?"

ಇವರಿಗೆ ಸಿಟ್ಟು ಬಂದರೆ ಮಾತು ಮರಾಠಿಗೆ ತಿರುಗುತ್ತದೆ. ಮರಾಠಿಯಲ್ಲೇ ಹೇಳಿದರು, ದೌಂಡದ ಕಬ್ಬಿನ ತೋಟದವನೊಬ್ಬ ಕೇಳಿದ್ದಾನೆ, ಸೋಮವಾರ ಬಂದು ಒಯ್ಯುತ್ತಾನೆ, ಅಲ್ಲಿಗೆ ಮುಗಿಯಿತು ಎಂದು. ದೌಂಡದಲ್ಲಿ ನಮ್ಮಲ್ಲಿಗಿಂತ ಎರಡು ಡಿಗ್ರಿ ಬಿಸಿಲು ಜಾಸ್ತಿ. ಅದು ಇವರಿಗೂ ಗೊತ್ತಿತ್ತು. ಕಣ್ಣೆದುರು ಸಾಯುವುದು ಬೇಡ, ಅಷ್ಟೇ ಅವರ ಲೆಕ್ಕ.

ಅತ್ತೆ ಮಜ್ಜಿಗೆಯ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದರು.

"ಆ ಆಕಳಾ ಬಾಯಿ ಮುಚ್ಚಿ ಮೆಲಕ ಹಾಕೂದು ನಾ ಕಣ್ಣಾರೆ ನೋಡೂತನಕಾ ನನಗ ಹಾಲಿಂದು ಏನೂ ಬ್ಯಾಡ."

ಎಪ್ಪತ್ತೆರಡರ ಹೆಂಗಸು, ಹಲ್ಲು ಅರ್ಧ ಹೋಗಿವೆ, ಮಜ್ಜಿಗೆ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಎರಡು ದಿನ ಬರೀ ನೀರಿನಲ್ಲಿ ನೆನೆಸಿಕೊಂಡು ಉಂಡರು. ಮೂರನೆಯ ದಿನ ಇವರು ಸೋತು, ಟೆಂಪೋದವನಿಗೆ ಫೋನು ಮಾಡಿದರು.

ಯಾರು ಹೋಗಬೇಕು? ಇವರು ಹೋದರೆ ಏಳು ಆಕಳ ಹಾಲು ನನ್ನ ಜೊತೆ ಹಿಂಡುವವರು, ಕಟ್ಟಡಗಳಿಗೆ ಮುಟ್ಟಿಸುವವರು ಯಾರು? ಸ್ನೇಹಲ್‌ಗೆ ಕಾಲೇಜಿನ ಪರೀಕ್ಷೆ. ಅತ್ತೆಗೆ ಮೊಣಕಾಲು. ಉಳಿದವಳು ನಾನು. ಎರಡು ದಿನದ ಮಾತು, ಆಕಳು ಒಗ್ಗಿದ ಮೇಲೆ ಬಂದುಬಿಡು ಎಂದರು. ರೊಟ್ಟಿ ಬಡಿಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಸ್ನೇಹಲ್, ಯೂಟ್ಯೂಬ್ ನೋಡಿ ತಾನು ಬಡಿಯುತ್ತೇನೆ ಎಂದಳು. ಅವಳ ಅಪ್ಪ ಆಕಳಿಗಿಂತ ಹೆಚ್ಚು ದುಃಖದಿಂದ ನನ್ನ ಮುಖ ನೋಡಿದರು.

ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಮನೆ ಬಿಟ್ಟು ರಾತ್ರಿ ಕಳೆದದ್ದು ಎರಡೇ ಸಲ. ಒಮ್ಮೆ ಬಾಣಂತನಕ್ಕೆ, ಒಮ್ಮೆ ನನ್ನ ತಾಯಿ ತೀರಿದಾಗ.

ಟೆಂಪೋ ಮುಳಶಿ ಕೆರೆ ಬಳಸಿ ಘಟ್ಟ ಹತ್ತುವಾಗ ಗಾಳಿಯ ರುಚಿಯೇ ಬದಲಾಯಿತು. ಹಟ್ಟಿಯ ತನಕ ಕಚ್ಚಾ ರಸ್ತೆ ಆಗಿದೆ, ನಡೆಯಬೇಕಾಗಲಿಲ್ಲ. ಹಸಿರು ಮಾಳ ಎಂದು ಎಣಿಸಿಕೊಂಡು ಹೋದವಳಿಗೆ ಕಂಡದ್ದು ಬಂಗಾರದ ಬಣ್ಣದ ಒಣ ಹುಲ್ಲು. ಮರಗಳ ಬುಡದಲ್ಲಿ, ತಗ್ಗಿನಲ್ಲಿ ಮಾತ್ರ ಹಸಿರು. ಆದರೆ ತಂಪು ಸುಳ್ಳಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸೆರಗು ಹೊದ್ದುಕೊಳ್ಳಬೇಕು ಎನ್ನಿಸಿತು. ಧಾಕೂಬಾ ಹಣ್ಣು ಹಣ್ಣು ಮುದುಕನಾಗಿದ್ದ. ಮಾವನ ಹೆಸರು ಹೇಳಿದೊಡನೆ ಒಳಗೆ ಹೋಗಿ ಒಂದು ಹಿತ್ತಾಳೆಯ ಗಂಟೆ ತಂದ. ಮಾವನೇ ಬಿಟ್ಟು ಹೋದದ್ದಂತೆ. ಅದನ್ನು ಚಿಕ್ಕಿಯ ಕೊರಳಿಗೆ ಕಟ್ಟಿ, ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, ಇಲ್ಲಿ ಹಗ್ಗ ಬೇಕಾಗುವುದು ಸೌದೆ ಕಟ್ಟಲಿಕ್ಕೆ ಮಾತ್ರ ಎಂದ.

ಅವನ ಹತ್ತು ಹನ್ನೆರಡು ಎಮ್ಮೆ, ಆಕಳು ಮೇಯುತ್ತ ದೂರ ಹೋದವು. ಚಿಕ್ಕಿ ನಿಂತಲ್ಲೇ ನಿಂತಿತು.

ಟೆಂಪೋದ ಆಯಾಸ ಎಂದುಕೊಂಡೆ. ಮರುದಿನವೂ ನಿಂತಿತು. ಕೂರುತ್ತಿತ್ತು, ಏಳುತ್ತಿತ್ತು, ನಾನು ಕೈಯಲ್ಲಿ ಹಿಡಿದ ಹುಲ್ಲು ನಾಲ್ಕು ಎಸಳು ತಿನ್ನುತ್ತಿತ್ತು. ಕೊಡದಲ್ಲಿ ನೀರು ಹಿಡಿದರೆ ಮೂತಿ ಒದ್ದೆ ಮಾಡಿಕೊಂಡು ತಿರುಗಿಸುತ್ತಿತ್ತು. ತೇಕು ನಿಂತಿತ್ತು, ಆದರೆ ಮೆಲುಕು ಇಲ್ಲ. ಹೊಟ್ಟೆಯಲ್ಲಿ ಏನಾದರೂ ಇದ್ದರಲ್ಲವೇ ಮೆಲುಕು. ಧಾಕೂಬಾ ಮೂಗು ಮುಟ್ಟಿ, ಕಿವಿ ಮುಟ್ಟಿ, ರೋಗವೇನೂ ಕಾಣುವುದಿಲ್ಲ ಎಂದು ತಲೆ ಕೊಡವಿದ. ಗಂಟೆ ಒಮ್ಮೆಯೂ ಸರಿಯಾಗಿ ಸದ್ದು ಮಾಡಲಿಲ್ಲ. ಅತ್ತೆಯ ಮಾತು ಕೇಳಿ ಇದನ್ನು ಇಲ್ಲಿಗೆ ತಂದು ಕೊಂದೆ ಎಂದು ನನಗೆ ಖಾತ್ರಿಯಾಯಿತು.

ಮೂರನೆಯ ಬೆಳಿಗ್ಗೆ ಮಂಜು ಸರಿದಾಗ ನೋಡಿದೆ. ಚಿಕ್ಕಿಯ ಸುತ್ತ ನೆಲದ ಮೇಲೆ ಒಂದು ದುಂಡಗಿನ ಗೆರೆ. ಒಳಗಿನ ಹುಲ್ಲೆಲ್ಲ ತುಳಿದು, ಸಗಣಿಯಾಗಿ ಬೋಳಾಗಿತ್ತು. ಹೊರಗಿನ ಹುಲ್ಲು ಮೊಣಕಾಲುದ್ದ ನಿಂತಿತ್ತು, ಒಂದೆಸಳೂ ಮುಟ್ಟಿರಲಿಲ್ಲ. ಚಿಕ್ಕಿ ಅದರ ಕಡೆ ಕತ್ತು ಚಾಚುತ್ತಿತ್ತು, ಗೆರೆ ಬಂದೊಡನೆ ಕತ್ತನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ನಡುವಿನಿಂದ ಗೆರೆಯ ತನಕ ಕೈಯಳತೆ ಹಾಕಿದೆ. ಮೂರು ಮೊಳ. ನಮ್ಮ ಕೊಟ್ಟಿಗೆಯ ಹಗ್ಗ ಮೂರು ಮೊಳ.

ಕರುವಾಗಿದ್ದಾಗಿನಿಂದ ಕಟ್ಟಿದ ಆಕಳು. ಹಗ್ಗ ಬಿಚ್ಚಿದ್ದು ನಮಗೆ ಗೊತ್ತಿತ್ತು, ಅದಕ್ಕೆ ಯಾರು ಹೇಳಬೇಕು? ಧಾಕೂಬಾ ಕಟ್ಟಿದ ಆಕಳನ್ನು ನೋಡಿದವನಲ್ಲ. ನಾನು ಬಿಟ್ಟ ಆಕಳನ್ನು ನೋಡಿದವಳಲ್ಲ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ನಾಲ್ಕಕ್ಕೆದ್ದು ಹಾಲು ಹಿಂಡಿದವಳು, ಆಕಳು ಹತ್ತು ಹೆಜ್ಜೆ ನಡೆಯುವುದನ್ನು ಕಂಡೇ ಇಲ್ಲ ಎಂಬುದು ಆ ಹೊತ್ತಿಗೆ ಹೊಳೆಯಿತು. ಹುಲ್ಲಿನಲ್ಲಿ ಕೂತು ಅತ್ತುಬಿಟ್ಟೆ. ಬರೀ ಆಕಳಿಗಾಗಿ ಅತ್ತದ್ದು ಎಂದರೆ ಸುಳ್ಳಾಗುತ್ತದೆ.

ಹಟ್ಟಿಯಲ್ಲಿ ಫೋನು ಹತ್ತುವುದು ಒಂದು ಬಂಡೆಯ ಮೇಲೆ ಮಾತ್ರ. ಹತ್ತಿ ನಿಂತು ಇವರಿಗೆ ಎಲ್ಲ ಹೇಳಿ, ಕೊಟ್ಟಿಗೆಯಲ್ಲಿ ಅದು ನೀರು ಕುಡಿಯುವ, ಅರ್ಧ ಕೊಯ್ದ ನೀಲಿ ಡ್ರಮ್ಮು ಕಳಿಸಿ ಎಂದೆ. ಇವರು ಸಂಜೆಯ ಹಾಲನ್ನು ಪಕ್ಕದ ಭೀಮಣ್ಣನಿಗೆ ಒಪ್ಪಿಸಿ ತಾವೇ ಬಂದರು. ಡ್ರಮ್ಮು ತಂದಿದ್ದರು. ಅದರ ಜೊತೆ ಕೊಟ್ಟಿಗೆಯ ರಬ್ಬರ್ ಹಾಸನ್ನೂ ಸುತ್ತಿಕೊಂಡು ತಂದಿದ್ದರು. ಗುಡ್ಡದ ಮೇಲೆ ರಬ್ಬರ್ ಹಾಸು ನೋಡಿ ಧಾಕೂಬಾನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ನಗಲಿ ಬಿಡಿ, ನೀಲಿ ಡ್ರಮ್ಮು ಕಂಡೊಡನೆ ಚಿಕ್ಕಿ ಸರ್ರನೆ ಎರಡು ಕೊಡ ನೀರು ಹೀರಿತು. ಇವರು ಆ ಗೆರೆಯನ್ನು ಒಂದು ಸುತ್ತು ಸುತ್ತಿದರು. ಮತ್ತೊಂದು ಸುತ್ತು ಸುತ್ತಿದರು. ಆಮೇಲೆ, ಹೊತ್ತಾಯಿತು, ಹೋಗುತ್ತೇನೆ ಎಂದರು. ನನ್ನನ್ನು ಬಾ ಎನ್ನಲಿಲ್ಲ.

ಮರುದಿನದಿಂದ ನನಗೊಂದು ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಡ್ರಮ್ಮನ್ನು ಐದು ಹೆಜ್ಜೆ ದೂರ ಸರಿಸುವುದು. ಮೊದಲ ದಿನ ಚಿಕ್ಕಿ ಗೆರೆಯ ಮೇಲೆ ಮುಂಗಾಲಿಟ್ಟು ಒಂದು ಗಂಟೆ ನಿಂತಿತು, ಕೂಗಿತು, ನನ್ನನ್ನು ನೋಡಿತು. ನಾನು ಡ್ರಮ್ಮಿನ ಪಕ್ಕ ಕೂತು ಏನೇನೋ ಮಾತಾಡಿದೆ; ಮನೆಯ ಮಾತು, ನೆರೆಯ ಮಾತು. ಬಾಯಾರಿಕೆ ಹೆದರಿಕೆಗಿಂತ ದೊಡ್ಡದು. ಮಧ್ಯಾಹ್ನದ ಹೊತ್ತಿಗೆ ಬಂತು. ಬಂದ ಹಾದಿಯಲ್ಲಿ ಹುಲ್ಲು ಬಾಯಿಗೆ ತಗುಲಿತು, ತಿಂದಿತು. ಆ ಸಂಜೆ ಮಲಗಿ ಬಾಯಿ ಆಡಿಸತೊಡಗಿತು. ಗಂಟೆ ಅದರ ಜೊತೆ ಸಣ್ಣಗೆ ಅಲುಗುತ್ತಿತ್ತು. ಆ ಸದ್ದು ಕೇಳಿ ನನಗೆ ಊಟ ಮಾಡಿದಷ್ಟು ತೃಪ್ತಿಯಾಯಿತು.

ಓಡಿಹೋಗಿ ಬಂಡೆ ಹತ್ತಿ ಅತ್ತೆಗೆ ಹೇಳಿದೆ, ಚಿಕ್ಕಿ ಮೆಲುಕು ಹಾಕುತ್ತಿದೆ, ಇನ್ನು ಮಜ್ಜಿಗೆ ಕುಡಿಯಿರಿ ಎಂದು. ಅತ್ತೆ ಬಗ್ಗಲಿಲ್ಲ. ಕಣ್ಣಾರೆ ಎಂದಿದ್ದೇನೆ, ಕಿವಿಯಾರೆ ಎಂದಿಲ್ಲ ಎಂದರು. ಸ್ನೇಹಲ್ ವಿಡಿಯೋ ಕಳಿಸು ಎಂದಳು. ಆ ಬಂಡೆಯ ಮೇಲೆ ಮಾತು ಹತ್ತುವುದೇ ದೇವರ ದಯೆ.

ಎರಡು ದಿನ ಎಂದು ಹೋದವಳು, ಎಂಟು ದಿನವಾಯಿತು, ಹದಿನೈದಾಯಿತು. ಬಾ ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ, ಬರುತ್ತೇನೆಂದು ನಾನೂ ಹೇಳಲಿಲ್ಲ. ಸಂಜೆ ಐದಕ್ಕೆ ಬಂಡೆ ಹತ್ತಿದರೆ ಮನೆಯ ಸುದ್ದಿ ಬರುತ್ತಿತ್ತು. ಸ್ನೇಹಲ್‌ಳ ರೊಟ್ಟಿ ಮೊದಲ ವಾರ ಕರ್ನಾಟಕದ ನಕಾಶೆ, ಎರಡನೆಯ ವಾರ ಮಹಾರಾಷ್ಟ್ರದ್ದು, ಮೂರನೆಯ ವಾರಕ್ಕೆ ದುಂಡಗಾದವು. ಇವರು ಒಂದು ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿ, ತಪ್ಪು ಒಪ್ಪಿಕೊಳ್ಳದೆ ಪೂರ್ತಿ ಉಂಡರಂತೆ. ಅತ್ತೆ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹಾಲು ಹಿಂಡಲು ಕೂರುತ್ತಿದ್ದರಂತೆ. ಮಗ ಬೇಡವೆಂದರೆ, ನಿನ್ನ ಕೈಗೆ ಆಕಳು ಪೂರ್ತಿ ಹಾಲು ಇಳಿಸುವುದಿಲ್ಲ ಎಂದು ಜಗಳ ತೆಗೆಯುತ್ತಿದ್ದರಂತೆ. ಇವರು ದಿನಾ ಫೋನಿನಲ್ಲಿ 'ನಲವತ್ತೊಂದು ಹೆಂಗದ?' ಎಂದು ಕೇಳುತ್ತಿದ್ದರು. ಮೇ ತಿಂಗಳು ಹುಟ್ಟಿದ ಮೇಲೆ ಒಂದು ಸಂಜೆ 'ಚಿಕ್ಕಿ ಹೆಂಗದ?' ಎಂದರು. ನಾನು ಗಮನಿಸದವಳ ಹಾಗೆ, ಚೆನ್ನಾಗಿದೆ ಎಂದೆ. ಹೆಸರಿನ ಮಾತೆತ್ತಿದ್ದರೆ ಮರುದಿನ ಮತ್ತೆ ನಲವತ್ತೊಂದಾಗುತ್ತಿತ್ತು.

ಮೇಲೆ ನನ್ನ ದಿನಗಳಿಗೆ ವಾರ ತಾರೀಖು ಇರಲಿಲ್ಲ. ಬೆಳಿಗ್ಗೆ ಮಂಜಿನಲ್ಲಿ ಎಮ್ಮೆಗಳ ಕೋಡು ಮಾತ್ರ ಕಾಣುತ್ತಿದ್ದವು, ಆಮೇಲೆ ಮುಖ, ಆಮೇಲೆ ಹೊಟ್ಟೆ. ಧಾಕೂಬಾನ ಹೆಂಡತಿ ನಾಚಣಿ ಎನ್ನುವ ರಾಗಿಯ ರೊಟ್ಟಿ, ಬೆಣ್ಣೆ ಕೊಡುತ್ತಿದ್ದಳು. ನಾನು ಅವಳಿಗೆ ಜೋಳದ ರೊಟ್ಟಿ ಬಡಿದು ಕೊಟ್ಟರೆ, ಇಷ್ಟು ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಎನ್ನುತ್ತಿದ್ದಳು. ಮಧ್ಯಾಹ್ನ ಚಿಕ್ಕಿಯ ಬೆನ್ನಿಗೆ ಒರಗಿ ಕೂತರೆ ನಿದ್ದೆ ಬರುತ್ತಿತ್ತು. ಮದುವೆಯಾದ ಮೇಲೆ ಹಗಲು ಮಲಗಿದ್ದು ಅದೇ ಮೊದಲು. ಅದರ ಹೊಟ್ಟೆಯೊಳಗೆ ಕರು ಒದೆಯುವುದು ನನ್ನ ಬೆನ್ನಿಗೆ ತಾಕುತ್ತಿತ್ತು. ನಿದ್ದೆಗಣ್ಣಿನಲ್ಲಿ, ಒದೆಯುತ್ತಿರುವುದು ಸ್ನೇಹಲ್, ನಾನು ತವರಿನಲ್ಲಿದ್ದೇನೆ, ನನ್ನ ತಾಯಿ ಒಳಗೆ ಒಗ್ಗರಣೆ ಹಾಕುತ್ತಿದ್ದಾಳೆ ಎನ್ನಿಸುತ್ತಿತ್ತು. ಎಚ್ಚರಾದರೆ ನೇರಳೆ ಹಣ್ಣು ಸೀರೆಯ ಮೇಲೆ ಬಿದ್ದು ಕಲೆಯಾಗಿರುತ್ತಿತ್ತು.

ನೇರಳೆ ಮರ ಸರಿ. ಝರಿ ಎಲ್ಲಿ? ಒಂದು ದಿನ ಧಾಕೂಬಾನನ್ನು ಕೇಳಿದೆ, ಆನೆ ಮುಳುಗುವ ಝರಿ ಎಲ್ಲಿದೆ ಎಂದು. ಅವನು ನನ್ನನ್ನು ಮರದ ಬುಡಕ್ಕೆ ಕರೆದುಕೊಂಡು ಹೋಗಿ ಕಲ್ಲಿನ ಸಂದಿ ತೋರಿಸಿದ. ಒಂದು ಕೊಡ ಮುಳುಗುವಷ್ಟು ನೀರು. ದಿನಾ ನಾನು ತುಂಬಿಕೊಂಡು ಬರುತ್ತಿದ್ದ ಹೊಂಡವೇ ಅದು.

ನಮ್ಮ ಅತ್ತೆ ಆನೆ ಮುಳುಗುತ್ತದೆ ಎಂದಿದ್ದಾರೆ ಎಂದೆ. ಮುದುಕ ಬೊಚ್ಚು ಬಾಯಿ ತೆರೆದು ನಕ್ಕ. ಆಕೆ ಇಲ್ಲಿಗೆ ಬಂದೇ ಇಲ್ಲವಲ್ಲ ಎಂದ. ಪ್ರತಿ ವರ್ಷ ನಿಮ್ಮ ಮಾವ, ಬರುವ ವರ್ಷ ಆಕೆಯನ್ನೂ ಕರೆತರುತ್ತೇನೆ ಎನ್ನುತ್ತಿದ್ದರು. ಪ್ರತಿ ವರ್ಷ ಒಬ್ಬರೇ ಬರುತ್ತಿದ್ದರು. ಮನೆಯಲ್ಲಿ ಹಾಲು ಹಿಂಡುವವರು ಬೇಕಲ್ಲ. ಮೋಡ ಆಕಳ ಬೆನ್ನು ನೆಕ್ಕುತ್ತದೆ ಅನ್ನುವ ಮಾತು ತನ್ನ ತಾಯಿಯದು, ನಿಮ್ಮ ಮಾವ ಇಲ್ಲಿಂದ ಕಟ್ಟಿಕೊಂಡು ಹೋದದ್ದು ಎಂದ.

ನಾನು ಹೊಂಡದ ಪಕ್ಕ ಬಹಳ ಹೊತ್ತು ಕೂತೆ. ನಲವತ್ತು ವರ್ಷ ಆ ಹೆಂಗಸು ಕಾಣದ ಮಾಳವನ್ನು ಇಂಚು ಇಂಚು ಹೇಳಿಕೊಂಡು ಬಂದಿದ್ದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು. ಸಂಜೆ ಬಂಡೆ ಹತ್ತಿದೆ.

"ಅತ್ತಿ, ಕಣ್ಣಾರೆ ನೋಡಬೇಕಂದ್ರಿ. ಬಂದು ನೋಡ್ರಿ."



"ಹಾಲು ಹಿಂಡವರ‍್ಯಾರವ್ವ?" ಎಂದು ಫೋನು ಇಟ್ಟರು.

ಮೇ ಮುಗಿಯುತ್ತ ಬಂದ ಹಾಗೆ ಕೊಂಕಣದ ಕಡೆಯಿಂದ ಮಂಜು ದಪ್ಪವಾಗಿ ಬರತೊಡಗಿತು. ಚಿಕ್ಕಿ ಈಗ ಡ್ರಮ್ಮಿನ ಹಿಂದೆ ನೇರಳೆ ಮರವನ್ನೂ ದಾಟಿ ಬರುತ್ತಿತ್ತು. ಡ್ರಮ್ಮು ಬಿಟ್ಟು ಮಾತ್ರ ಎಲ್ಲೂ ಹೋಗುತ್ತಿರಲಿಲ್ಲ. ನಾನಿಲ್ಲದೆ, ಡ್ರಮ್ಮಿಲ್ಲದೆ ಅದು ಬಾಳೀತೇ ಎಂಬ ಚಿಂತೆ ನನಗಿತ್ತು. ಒಂದು ಬೆಳಿಗ್ಗೆ ಎದ್ದರೆ ಗಂಟೆಯ ಸದ್ದಿಲ್ಲ. ಹೊರಗೆ ಬಂದರೆ ಮಂಜಿನಲ್ಲಿ ನೀಲಿ ಡ್ರಮ್ಮು ಒಂದೇ ನಿಂತಿದೆ, ತುಂಬಿದ ನೀರು ಹಾಗೇ ಇದೆ.

 ಕಣಿವೆಯ ಅಂಚು ಅಲ್ಲಿಂದ ದೂರವಿಲ್ಲ. ನಾನು, ಧಾಕೂಬಾ, ಅವನ ಹೆಂಡತಿ ಮೂವರೂ ಮೂರು ದಿಕ್ಕಿಗೆ ಹೋದೆವು. ಚಿಕ್ಕಿ ಚಿಕ್ಕಿ ಎಂದು ಕೂಗಿದರೆ ನನ್ನ ದನಿ ಮಂಜಿಗೆ ಬಡಿದು ನನಗೇ ಬರುತ್ತಿತ್ತು. ನಡೆದೆ, ನಡೆದೆ. ಹೊಟ್ಟೆಯ ಕರುವೂ ಹೋಯಿತು, ಅತ್ತೆಯೂ ಇನ್ನು ಹಾಲು ಮುಟ್ಟುವುದಿಲ್ಲ, ಇವರಿಗೆ ಮುಖ ಹೇಗೆ ತೋರಿಸಲಿ ಎಂದು ಅಳುತ್ತ ನಡೆದೆ. ಎರಡು ಫರ್ಲಾಂಗು ಆದ ಮೇಲೆ ಕವಳಿ ಹಣ್ಣಿನ ಮುಳ್ಳುಕಂಟಿಯ ಹಿಂದೆ ಗಂಟೆ ಒಮ್ಮೆ ಟಿಣ್ ಎಂದಿತು.

ಚಿಕ್ಕಿ ಎದ್ದು ನಿಂತು ಕರುವನ್ನು ನೆಕ್ಕುತ್ತಿತ್ತು. ಹೆಣ್ಣು ಕರು, ಕಾಲು ನಡುಗಿಸುತ್ತ ಆಗಲೇ ಮೊಲೆ ಹುಡುಕುತ್ತಿತ್ತು. ಈಯುವಾಗ ಯಾರೂ ನೋಡದ ಮರೆ ಬೇಕೆಂದು ಅದಕ್ಕೆ ಯಾರು ಹೇಳಿಕೊಟ್ಟರು? ಹಿಂದಿನ ಸಲ ಕಲ್ಲು ನೆಲದ ಮೇಲೆ, ಫ್ಯಾನಿನ ಕೆಳಗೆ, ನಾಲ್ಕು ಜನ ಜಗ್ಗಿ ಹೆರಿಗೆ ಮಾಡಿಸಿದ ಆಕಳು ಅದು. ಡ್ರಮ್ಮಿನ ಕಡೆ ತಿರುಗಿಯೂ ನೋಡದೆ ತನ್ನ ಜಾಗ ತಾನೇ ಹುಡುಕಿಕೊಂಡಿತ್ತು. ನಾನು ಹತ್ತಿರ ಹೋಗಲಿಲ್ಲ, ದೂರದಲ್ಲೇ ಕೂತೆ.

ಬಂಡೆಯ ಮೇಲಿಂದ ಹೇಳಿದಾಗ ಸ್ನೇಹಲ್ ಫೋನಿನಲ್ಲೇ ಕುಣಿದಳು. ಅವಳ ಪರೀಕ್ಷೆ ಮುಗಿದಿತ್ತು. ಭೀಮಣ್ಣನ ಜೊತೆ ತಾನು ಎರಡು ಹೊತ್ತೂ ಹಾಲು ಹಿಂಡುತ್ತೇನೆ, ಅಜ್ಜಿ ಹೋಗಲಿ ಎಂದು ಹಟ ಹಿಡಿದಳು. ಅಜ್ಜಿ ಒಲ್ಲೆ ಎಂದರು, ಮೊಣಕಾಲು ಎಂದರು, ಟೆಂಪೋ ಎತ್ತಿಹಾಕುತ್ತದೆ ಎಂದರು, ಅಮಾವಾಸ್ಯೆ ಹತ್ತಿರ ಎಂದರು. ಮರುದಿನ ಮಧ್ಯಾಹ್ನ ಇಳಕಲ್ ಸೀರೆ ಉಟ್ಟು ಮಗನ ಜೊತೆ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಬಂದರು.

ಇಳಿದವರು ಟೆಂಪೋದ ಬಾಗಿಲು ಬಿಡಲಿಲ್ಲ. ಬಾಗಿಲು ಹಿಡಿದೇ ಸುತ್ತ ನೋಡಿದರು. ನಾನು ಹೋಗಿ ಕೈ ಹಿಡಿದೆ. ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಕೈ ಹಿಡಿದು ನಡೆದದ್ದು ನೆನಪಿಲ್ಲ. ಐದು ಹೆಜ್ಜೆಗೊಮ್ಮೆ ನಿಲ್ಲುತ್ತ ನೇರಳೆ ಮರದ ತನಕ ಬಂದೆವು. ಅತ್ತೆ ಮರವನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹೊಂಡ ನೋಡಿದರು.

"ಇಷ್ಟೇನ?"

ನಾನು ಬಂದು ನೋಡಿ ಎಂದದ್ದು ತಪ್ಪಾಯಿತೇನೋ, ನಲವತ್ತು ವರ್ಷದ್ದನ್ನು ಒಂದು ಗಳಿಗೆಯಲ್ಲಿ ಒಡೆದೆನೇನೋ ಎಂದು ಭಯವಾಯಿತು. ಅತ್ತೆ ಬಗ್ಗಿ ಒಂದು ಬೊಗಸೆ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅಲ್ಲೇ ಕಲ್ಲಿನ ಮೇಲೆ ಕೂತರು. ಚಿಕ್ಕಿ ಹತ್ತು ಮಾರು ದೂರದಲ್ಲಿ ಕರುವನ್ನು ಪಕ್ಕಕ್ಕಿಟ್ಟುಕೊಂಡು ಮಲಗಿತ್ತು. ಬಾಯಿ ಮುಚ್ಚಿತ್ತು. ದವಡೆ ಆಡುತ್ತಿತ್ತು.

ಸಂಜೆ ಕಣಿವೆಯಿಂದ ಮೋಡ ಎದ್ದು ಮಾಳದ ಮೇಲೆ ಹರಿದು ಬಂತು. ಮೊದಲು ಎಮ್ಮೆಗಳು ಮಸುಕಾದವು. ಆಮೇಲೆ ಒಂದು ಬಿಳಿಯ ತುದಿ ಚಿಕ್ಕಿಯ ಬೆನ್ನಿನ ಮೇಲೆ ತಗ್ಗಿ, ಬಾಲದಿಂದ ಕತ್ತಿನ ತನಕ ಸವರಿ ಮುಂದೆ ಹೋಯಿತು. ರೋಮದ ಮೇಲೆ ಹನಿ ನಿಂತವು. ಅತ್ತೆಯ ಕಣ್ಣು ತುಂಬಿದ್ದವು.

"ಇದೊಂದ ಖರೇ ಹೇಳಿದ್ರ ನಿಮ್ಮ ಮಾವ" ಎಂದರು. ಆಮೇಲೆ ಕಣ್ಣೊರೆಸಿಕೊಂಡು, "ಗಿಣ್ಣ ಮಾಡೀಯೇನು?" ಎಂದರು.

ಮಾಡಿದ್ದೆ. ಬೆಲ್ಲ, ಏಲಕ್ಕಿ ಹಾಕಿ ಧಾಕೂಬಾನ ಒಲೆಯ ಮೇಲೆ ಬೆಳಿಗ್ಗೆಯೇ ಬೇಯಿಸಿ ಮುಚ್ಚಿಟ್ಟಿದ್ದೆ. ಅತ್ತೆ ಎರಡು ಬಟ್ಟಲು ತಿಂದರು, ಮೂರನೆಯದಕ್ಕೆ ಬೆರಳಿನಿಂದ ಪಾತ್ರೆ ಸವರಿದರು.

ಇವರು ಟೆಂಪೋದ ಹತ್ತಿರ ಚಡಪಡಿಸುತ್ತಿದ್ದರು. ಎಳೆಗರುವನ್ನು ಎಂಟು ದಿನ ಇಳಿಸುವ ಹಾಗಿಲ್ಲ, ಮಿರಗಕ್ಕೆ ಮೊದಲು ಬಂದು ಎಲ್ಲರನ್ನೂ ಒಯ್ಯುತ್ತೇನೆ ಎಂದರು. ಆಮೇಲೆ ನನ್ನ ಹತ್ತಿರ ಬಂದು, ಅಂಗಳಕ್ಕೆ ಬಿದಿರಿನ ಬೇಲಿ ಹಾಕಿದ್ದನ್ನು ಹೇಳಿದರು. ಫೋನಿನಲ್ಲಿ ಒಂದು ಮಾತೂ ಬಿಟ್ಟುಕೊಟ್ಟಿರಲಿಲ್ಲ.

"ಮೂರ ದಿನ ಆತು, ಏಳರದೂ ಹಗ್ಗ ಬಿಚ್ಚೇನಿ. ಒಂದೂ ಗೂಟ ಬಿಟ್ಟು ಕದಲವಲ್ದು."

"ಡ್ರಮ್ಮು ಸರಸ್ರಿ. ದಿನಾ ಐದ ಹೆಜ್ಜಿ."

ತಲೆಯಾಡಿಸಿದರು. ತಾಯಿಯ ಕಡೆ ತಿರುಗಿ, ನಡಿ ಅವ್ವ, ಕತ್ತಲಾಗುತ್ತದೆ, ಬೆಳಿಗ್ಗೆ ಹಾಲಿದೆ ಎಂದರು. ಅತ್ತೆ ಕಲ್ಲಿನಿಂದ ಏಳಲಿಲ್ಲ.

"ನೀ ಹೋಗು. ನಲವತ್ತ ವರ್ಷ ನಾ ಹಿಂಡೇನಿ."

ಇವರು ನನ್ನ ಮುಖ ನೋಡಿದರು. ನಾನು ಆಕಳ ಕಡೆ ನೋಡಿದೆ. ಒಬ್ಬರೇ ಟೆಂಪೋ ಹತ್ತಿ ಹೋದರು.

ಅತ್ತೆ ನನ್ನನ್ನು ಬಂಡೆಯ ತನಕ ನಡೆಸಿಕೊಂಡು ಹೋಗಿ ಸ್ನೇಹಲ್‌ಗೆ ಫೋನು ಹಚ್ಚಿಸಿದರು. ಆನೆ ಗೀನೆ ಎಲ್ಲ ಸುಳ್ಳು ಮಗಳ, ಕೊಡ ಮುಳುಗುವಷ್ಟು ನೀರಿದೆ, ಆದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದೆ, ಮುಂದಿನ ವರ್ಷ ನೀನೂ ಬಾ ಎಂದು ದೊಡ್ಡ ದನಿಯಲ್ಲಿ ಹೇಳಿದರು.

ಬೆಳಗಿನ ಜಾವ ನಾಲ್ಕಕ್ಕೆ ನಮ್ಮಿಬ್ಬರಿಗೂ ಒಟ್ಟಿಗೇ ಎಚ್ಚರವಾಯಿತು. ಅತ್ತೆ ಕಂಬಳಿ ಸರಿಸಿ ಎದ್ದು ಕೂತು, ಕೂದಲು ಗಂಟು ಹಾಕಿಕೊಂಡು, ಏನು ಕೆಲಸವಿದೆ ಎಂದು ಕೇಳಿದರು.

"ಏನೂ ಇಲ್ರಿ ಅತ್ತಿ."

ಹೊರಗೆ ಗಂಟೆ ಕೇಳಿಸಿತು. ಚಿಕ್ಕಿ ಕರುವಿನ ಜೊತೆ ಎಲ್ಲಿಗೋ ಹೊರಟಿತ್ತು. ಅತ್ತೆ ಆ ಸದ್ದು ದೂರವಾಗುವ ತನಕ ಕೇಳಿದರು. ಆಮೇಲೆ ಕೂದಲಿನ ಗಂಟು ಬಿಚ್ಚಿ, ಕಂಬಳಿ ಎಳೆದುಕೊಂಡು, ಮಗ್ಗುಲು ಬದಲಿಸಿ ಮಲಗಿದರು.